ಲೆನಿನ್ನರ ದೇಹವೂ ಮಣ್ಣಿನ ಋಣವೂ

ಮನೆಯಲ್ಲಿ ಹಿರಿಯರೊಬ್ಬರು ಕಣ್ಣು ಮುಚ್ಚಿದಾಗ, ಅಳು ತುಸು ತಗ್ಗಿದ ಮೇಲೆ, ನೆರೆದ ಬಂಧುಗಳಲ್ಲಿ ವಯಸ್ಸಾದವರು ಒಂದು ಮಾತು ಕೇಳುತ್ತಾರೆ: “ಏನಾದರೂ ಹೇಳಿ ಹೋಗಿದ್ದಾರೆಯೇ?” ಎಲ್ಲಿ ಮಣ್ಣು ಕೊಡಬೇಕು, ಯಾರು ಮುಂದೆ ನಿಲ್ಲಬೇಕು, ಎಷ್ಟು ಆಡಂಬರ ಸಲ್ಲುತ್ತದೆ ಎಂಬುದೆಲ್ಲ ಆ ಒಂದು ಪ್ರಶ್ನೆಯ ಉತ್ತರವನ್ನು ಆಶ್ರಯಿಸಿರುತ್ತದೆ. ಹೋದವರು ಏನನ್ನೂ ಹೇಳಿರದಿದ್ದರೆ ಎಲ್ಲರೂ ಅವರ ಬಾಳಸಂಗಾತಿಯ ಮುಖ ನೋಡುತ್ತಾರೆ. ಆ ತಾಯಿ ಹೇಳಿದ್ದೇ ಕೊನೆಯ ಮಾತು. ಮಕ್ಕಳು ಎಷ್ಟು ದೊಡ್ಡ ಅಧಿಕಾರದಲ್ಲಿದ್ದರೂ, ಊರ ಪ್ರಮುಖರು ಎಷ್ಟು ಒತ್ತಾಯಿಸಿದರೂ ಆ ಮಾತನ್ನು ದಾಟುವುದಿಲ್ಲ. ದಾಟಿದರೆ ಊರು ಅದನ್ನು ಮರೆಯುವುದೂ ಇಲ್ಲ.

ಈ ಸರಳ ನ್ಯಾಯವು ಬಲಾಢ್ಯ ರಾಷ್ಟ್ರವೊಂದರ ರಾಜಧಾನಿಯಲ್ಲಿ ನೂರು ವರ್ಷಗಳಿಗೂ ಮಿಗಿಲಾಗಿ ಸಲ್ಲದೆ ಉಳಿದಿದೆ. ರಷ್ಯಾದ ಕ್ರಾಂತಿಯ ನಾಯಕರಾದ ವ್ಲಾದಿಮಿರ್ ಇಲ್ಯಿಚ್ ಲೆನಿನ್ನರು 1924ರ ಜನವರಿ 21ರ ಸಂಜೆ ಮಾಸ್ಕೋ ಸಮೀಪದ ಗೋರ್ಕಿ ಎಂಬ ಗ್ರಾಮದಲ್ಲಿ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅಂದಿನಿಂದ ಇಂದಿನವರೆಗೂ ಅವರ ದೇಹ ಮಣ್ಣನ್ನು ಸೇರಿಲ್ಲ. ಮಾಸ್ಕೋದ ಕೆಂಪು ಚೌಕದ ಸಮಾಧಿಮಂದಿರದೊಳಗೆ, ಗಾಜಿನ ಪೆಟ್ಟಿಗೆಯಲ್ಲಿ, ಕಪ್ಪು ಉಡುಪು ತೊಡಿಸಿ ಅದನ್ನು ಮಲಗಿಸಲಾಗಿದೆ. ಆ ದೇಹವನ್ನು ಇನ್ನಾದರೂ ಮಣ್ಣಿಗೆ ಒಪ್ಪಿಸಬೇಕೇ, ಬೇಡವೇ ಎಂಬ ಚರ್ಚೆ ರಷ್ಯಾದಲ್ಲಿ 1989ರಿಂದ ಮತ್ತೆ ಮತ್ತೆ ತಲೆಯೆತ್ತಿ, ಪ್ರತಿ ಸಲವೂ ತೀರ್ಮಾನವಿಲ್ಲದೆ ಅಡಗಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ ಎರಡು ಪಕ್ಷಗಳು ಎರಡು ಕಡೆ ಎಳೆಯುತ್ತಿವೆ.

ದೂರದೇಶದ ಈ ವ್ಯಾಜ್ಯ ನಮಗೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಸೋವಿಯತ್ ನಾಡಿನಲ್ಲಿ ಅಚ್ಚಾದ, ಅಗ್ಗದ ಬೆಲೆಯ, ನುಣುಪು ಹಾಳೆಯ ಪುಸ್ತಕಗಳು ಕನ್ನಡದಲ್ಲಿಯೂ ದೊರೆಯುತ್ತಿದ್ದ ಕಾಲವನ್ನು ಕಂಡವರಿಗೆ ಲೆನಿನ್ನರ ಹೆಸರು ಅಪರಿಚಿತವಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಸತ್ತವರ ಮೇಲೆ ಯಾರಿಗೆ ಹಕ್ಕು? ಮನೆಯವರಿಗೋ, ಅನುಯಾಯಿಗಳಿಗೋ, ಸರಕಾರಕ್ಕೋ? ಈ ಪ್ರಶ್ನೆಗೆ ದೇಶ ಭಾಷೆಗಳ ಗಡಿ ಇಲ್ಲ. ಆದುದರಿಂದ ಆತುರಪಡದೆ, ಮೊದಲು ನಡೆದ ಸಂಗತಿಗಳನ್ನು ತಿಳಿದು, ಅನಂತರ ಪೂರ್ವಪಕ್ಷವನ್ನು ಕೇಳಿ, ಕಡೆಯಲ್ಲಿ ನಮ್ಮ ನಿರ್ಣಯವನ್ನು ನಿವೇದಿಸುವುದು ಯುಕ್ತ.

ಲೆನಿನ್ನರು 1922ರ ಮೇ ತಿಂಗಳಿನಲ್ಲಿ ಮೊದಲ ಸಲ ಪಾರ್ಶ್ವವಾಯುವಿಗೆ ತುತ್ತಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೆಯ ಆಘಾತ. 1923ರ ಮಾರ್ಚಿನ ಆಘಾತದಲ್ಲಿ ಮಾತೇ ನಿಂತುಹೋಯಿತು. ಅಸಂಖ್ಯ ಸಭೆಗಳನ್ನು ತಮ್ಮ ಮಾತಿನಿಂದ ಆಳಿದ ವ್ಯಕ್ತಿ ಬಾಳಿನ ಕೊನೆಯ ಹತ್ತು ತಿಂಗಳುಗಳನ್ನು ಹೆಚ್ಚುಕಡಮೆ ಮೂಕರಾಗಿ ಕಳೆದರು. ಪಕ್ಕದಲ್ಲಿದ್ದು ಶುಶ್ರೂಷೆ ಮಾಡಿ, ಮಗುವಿಗೆ ಕಲಿಸುವಂತೆ ಮತ್ತೆ ಮಾತು ಕಲಿಸಲು ಶ್ರಮಿಸಿದವರು ಅವರ ಪತ್ನಿ ನಾದೆಜ್ದಾ ಕ್ರುಪ್‌ಸ್ಕಾಯಾ. ದಂಪತಿಗಳಿಗೆ ಮಕ್ಕಳಿರಲಿಲ್ಲ.

ಮರಣಾನಂತರ ದೇಹವನ್ನು ಮಾಸ್ಕೋಗೆ ತಂದು ಕಾರ್ಮಿಕ ಸಂಘಗಳ ಭವನದ ಸ್ತಂಭಸಭಾಂಗಣದಲ್ಲಿ ದರ್ಶನಕ್ಕಿಟ್ಟರು. ಎಲುಬು ಕೊರೆಯುವ ಚಳಿಯಲ್ಲಿ ಲಕ್ಷಗಟ್ಟಲೆ ಜನ ಹಗಲಿರುಳೂ ಸಾಲುಗಟ್ಟಿ ನಿಂತರು. ಜನವರಿ 27ರಂದು ದೇಹವನ್ನು ಕೆಂಪು ಚೌಕಕ್ಕೆ ತಂದರು. ಹೆಪ್ಪುಗಟ್ಟಿದ ನೆಲ ಗುದ್ದಲಿಗೆ ಬಗ್ಗದಿದ್ದುದರಿಂದ ಸಿಡಿಮದ್ದು ಇಟ್ಟು ಅಗೆದು, ವಾಸ್ತುಶಿಲ್ಪಿ ಅಲೆಕ್ಸೇಯ್ ಶ್ಚೂಸೆವ್ ಕೆಲವೇ ದಿನಗಳಲ್ಲಿ ಮರದ ಒಂದು ತಾತ್ಕಾಲಿಕ ಕಟ್ಟಡವನ್ನು ಎಬ್ಬಿಸಿದ್ದರು. ದೇಹವನ್ನು ಶಾಶ್ವತವಾಗಿ ಇಡುವ ನಿರ್ಧಾರ ಆಗಿನ್ನೂ ಆಗಿರಲಿಲ್ಲ. ಶವಪರೀಕ್ಷೆ ನಡೆಸಿದ ವೈದ್ಯ ಅಬ್ರಿಕೊಸೊವ್ ಮಾಡಿದ್ದ ಸಂರಕ್ಷಣೆ ಕೆಲವು ದಿನಗಳ ಮಟ್ಟಿಗಿನದು. ದೂರದ ಊರುಗಳವರಿಗೂ ಅಂತಿಮ ದರ್ಶನ ದೊರೆಯಲಿ ಎಂಬುದು ಅದರ ಉದ್ದೇಶ.

ಆ ವೇಳೆಗೆ, ಜನವರಿ 30ರ ‘ಪ್ರಾವ್ದಾ’ ಪತ್ರಿಕೆಯಲ್ಲಿ ಕ್ರುಪ್‌ಸ್ಕಾಯಾ ಅವರ ಚಿಕ್ಕದೊಂದು ಪತ್ರ ಪ್ರಕಟವಾಯಿತು. ಅದರ ಸಾರಾಂಶ ಹೀಗಿದೆ. ಇಲ್ಯಿಚ್ ಅವರ ಮೇಲಿನ ನಿಮ್ಮ ಶೋಕವು ಅವರ ವ್ಯಕ್ತಿತ್ವದ ಬಾಹ್ಯ ಪೂಜೆಯ ರೂಪ ತಾಳದಿರಲಿ. ಅವರಿಗಾಗಿ ಸ್ಮಾರಕಗಳು ಬೇಡ, ಅವರ ಹೆಸರಿನ ಅರಮನೆಗಳು ಬೇಡ, ವೈಭವದ ಉತ್ಸವಗಳು ಬೇಡ. ಬದುಕಿದ್ದಾಗ ಅವರು ಇವನ್ನು ಲೆಕ್ಕಕ್ಕೆ ಇಡುತ್ತಿರಲಿಲ್ಲ, ಇವೆಲ್ಲ ಅವರಿಗೆ ಹೊರೆಯಾಗಿದ್ದವು. ಅವರ ಹೆಸರನ್ನು ಗೌರವಿಸುವ ಮನಸ್ಸಿದ್ದರೆ ಶಿಶುವಿಹಾರಗಳನ್ನು, ಮನೆಗಳನ್ನು, ಶಾಲೆಗಳನ್ನು, ಗ್ರಂಥಾಲಯಗಳನ್ನು, ಆಸ್ಪತ್ರೆಗಳನ್ನು ಕಟ್ಟಿರಿ. ಎಲ್ಲಕ್ಕಿಂತ ಮಿಗಿಲಾಗಿ ಅವರ ವಿಚಾರಗಳನ್ನು ಬಾಳಿನಲ್ಲಿ ತನ್ನಿರಿ.

ಗಂಡ ಸತ್ತ ಒಂಬತ್ತನೆಯ ದಿನ ಹೆಣ್ಣುಮಗಳೊಬ್ಬಳು ಇಡೀ ದೇಶಕ್ಕೆ ಇಷ್ಟು ಸ್ಪಷ್ಟವಾಗಿ ಬರೆದಳು. ದೇಶ ಓದಿತು. ಆಳುವವರೂ ಓದಿದರು. ಆ ಪತ್ರ ಅಚ್ಚಾಗುವುದಕ್ಕೆ ನಾಲ್ಕು ದಿನ ಮೊದಲೇ ಪೆತ್ರೋಗ್ರಾದ್ ನಗರಕ್ಕೆ ಲೆನಿನ್‌ಗ್ರಾದ್ ಎಂದು ಹೆಸರಿಟ್ಟಾಗಿತ್ತು. ಮಾರ್ಚಿನಲ್ಲಿ ಚಳಿ ಇಳಿದು ದೇಹದಲ್ಲಿ ವಿಕಾರಗಳು ಕಾಣಿಸತೊಡಗಿದಾಗ, ಮಣ್ಣು ಮಾಡುವುದೋ ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ಎದುರಾಯಿತು. ಲಿಯೊನಿದ್ ಕ್ರಾಸಿನ್ ಎಂಬ ನಾಯಕರು ಶೈತ್ಯಯಂತ್ರದಿಂದ ದೇಹವನ್ನು ಹೆಪ್ಪುಗಟ್ಟಿಸಿ ಇಡುವ ಸಲಹೆ ಕೊಟ್ಟರು. ಕೊನೆಗೆ ಖಾರ್ಕೋವಿನ ಅಂಗರಚನಾಶಾಸ್ತ್ರಜ್ಞ ವೊರೊಬ್ಯೊವ್ ಮತ್ತು ಜೀವರಸಾಯನಶಾಸ್ತ್ರಜ್ಞ ಬೊರಿಸ್ ಜ್ಬಾರ್‌ಸ್ಕಿ ಇಬ್ಬರೂ ಸುಮಾರು ನಾಲ್ಕು ತಿಂಗಳು ದುಡಿದು ದೇಹವನ್ನು ಕೆಡದಂತೆ ಮಾಡಿದರು. 1924ರ ಆಗಸ್ಟ್ 1ರಂದು ಸಮಾಧಿಮಂದಿರ ಸಾರ್ವಜನಿಕರಿಗೆ ತೆರೆಯಿತು. ಅಂತ್ಯಕ್ರಿಯೆಗೆಂದು ನೇಮಕವಾಗಿದ್ದ ಸಮಿತಿಯೇ ಸ್ಮರಣೆಯನ್ನು ಶಾಶ್ವತಗೊಳಿಸುವ ಸಮಿತಿಯೆಂದು ಹೆಸರು ಬದಲಿಸಿಕೊಂಡಿತು. ಅಂತ್ಯಕ್ರಿಯೆ ಮಾತ್ರ ನಡೆಯಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಜೋಡಿಸಿ ನೋಡಬೇಕು. ಎರಡನೆಯ ಆಘಾತದ ಬಳಿಕ, 1922ರ ಡಿಸೆಂಬರ್ ಕೊನೆಯಿಂದ 1923ರ ಜನವರಿಯ ಮೊದಲ ವಾರದೊಳಗೆ, ಲೆನಿನ್ನರು ಹಾಸಿಗೆಯಲ್ಲಿದ್ದೇ ದಿನಕ್ಕೆ ಕೆಲವು ನಿಮಿಷಗಳಂತೆ ಕೆಲವು ಟಿಪ್ಪಣಿಗಳನ್ನು ಹೇಳಿ ಬರೆಯಿಸಿದ್ದರು. ಪಕ್ಷದ ಹಿರಿಯ ನಾಯಕರ ಗುಣದೋಷಗಳನ್ನು ಅದರಲ್ಲಿ ತೂಗಿದ್ದರು. ಸ್ಟಾಲಿನ್ನರು ಒರಟು ಸ್ವಭಾವದವರಾದುದರಿಂದ ಅವರನ್ನು ಪ್ರಧಾನ ಕಾರ್ಯದರ್ಶಿಯ ಸ್ಥಾನದಿಂದ ಬದಲಿಸುವ ದಾರಿಯನ್ನು ಆಲೋಚಿಸಿರಿ ಎಂದು ಸೂಚಿಸಿದ್ದರು. ಕ್ರುಪ್‌ಸ್ಕಾಯಾ ಆ ಟಿಪ್ಪಣಿಗಳನ್ನು 1924ರ ಮೇ ತಿಂಗಳ ಪಕ್ಷದ ಮಹಾಧಿವೇಶನದ ಹೊತ್ತಿಗೆ ಕೇಂದ್ರ ಸಮಿತಿಗೆ ಒಪ್ಪಿಸಿದರು. ಪ್ರತಿನಿಧಿಗಳ ಗುಂಪುಗಳಿಗೆ ಪ್ರತ್ಯೇಕವಾಗಿ ಓದಿ ಹೇಳಿ, ಕಾಗದಗಳನ್ನು ಒಳಗಿಟ್ಟರು. ಸೋವಿಯತ್ ದೇಶದ ಸಾಮಾನ್ಯ ಪ್ರಜೆಗೆ ಅವು ಅಚ್ಚಿನಲ್ಲಿ ದೊರೆತದ್ದು 1956ರಲ್ಲಿ.

ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿರಿ. ಮೇ ತಿಂಗಳಿನಲ್ಲಿ ಮಾತನ್ನು ಮುಚ್ಚಿಟ್ಟರು. ಆಗಸ್ಟಿನಲ್ಲಿ ದೇಹವನ್ನು ತೆರೆದಿಟ್ಟರು. ಹೇಳಿ ಹೋದದ್ದು ಬೇಡವಾಯಿತು, ಬಿಟ್ಟುಹೋದದ್ದು ಬೇಕಾಯಿತು. ಮಾತಿಗೆ ಕೆಲಸ ಮಾಡುವ ಶಕ್ತಿಯಿರುತ್ತದೆ, ಪ್ರಶ್ನೆ ಕೇಳುವ ಶಕ್ತಿಯಿರುತ್ತದೆ. ಮಲಗಿದ ದೇಹ ಏನನ್ನೂ ಕೇಳುವುದಿಲ್ಲ. ಅದರ ನೆತ್ತಿಯ ಮೇಲೆ ನಿಂತು ಯಾರು ಏನು ಮಾತನಾಡಿದರೂ ಅದು ಸುಮ್ಮನಿರುತ್ತದೆ. ಇದು ಅಲಂಕಾರದ ಮಾತಲ್ಲ. ಸಮಾಧಿಮಂದಿರದ ಮಾಳಿಗೆಯನ್ನೇ ವೇದಿಕೆಯಾಗಿ ಮಾಡಿ, ಅದರ ಮೇಲೆ ನಿಂತು ಸೋವಿಯತ್ ನಾಯಕರು ದಶಕಗಳ ಕಾಲ ಸೈನ್ಯದ ವಂದನೆ ಸ್ವೀಕರಿಸಿದರು.

ಈ ಇತಿಹಾಸದ ವಿಪರ್ಯಾಸ ಲೆನಿನ್ನರ ಬರವಣಿಗೆಯಲ್ಲಿಯೇ ಇದೆ. 1917ರಲ್ಲಿ ಬರೆದ ‘ರಾಜ್ಯ ಮತ್ತು ಕ್ರಾಂತಿ’ ಎಂಬ ಗ್ರಂಥದ ಆರಂಭದಲ್ಲಿಯೇ ಅವರು ಒಂದು ವಿಷಯವನ್ನು ಎತ್ತುತ್ತಾರೆ. ಮಹಾ ಕ್ರಾಂತಿಕಾರಿಗಳನ್ನು ಬದುಕಿದ್ದಾಗ ಆಳುವ ವರ್ಗಗಳು ಹಿಂಸಿಸುತ್ತವೆ. ಸತ್ತ ಮೇಲೆ ಅವರನ್ನು ನಿರಪಾಯಕಾರಿ ಪೂಜಾಮೂರ್ತಿಗಳಾಗಿ ಮಾಡಿ, ಹೆಸರಿಗೆ ಪ್ರಭಾವಳಿ ಕಟ್ಟಿ, ಬೋಧನೆಯ ಹರಿತವನ್ನು ಮೊಂಡು ಮಾಡುತ್ತವೆ ಎಂಬುದು ಆ ಮಾತಿನ ತಾತ್ಪರ್ಯ. ಮಾರ್ಕ್ಸರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಬರೆದವರಿಗೇ ಏಳು ವರ್ಷಗಳಲ್ಲಿ ಅದೇ ಗತಿ ಬಂದಿತು. ಮಾಡಿದವರು ಶತ್ರುಗಳಲ್ಲ, ಶಿಷ್ಯರು.

ಎರಡನೆಯ ವಿಪರ್ಯಾಸ ಧರ್ಮಕ್ಕೆ ಸಂಬಂಧಿಸಿದ್ದು. ರಷ್ಯಾದ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ, ಕೆಲವು ಸಂತರ ದೇಹ ಕೊಳೆಯುವುದಿಲ್ಲ ಎಂಬ ನಂಬಿಕೆ ಪರಂಪರೆಯಿಂದ ಬಂದದ್ದು. ಅದು ಮೂಢನಂಬಿಕೆಯೆಂದು ತೋರಿಸಲು ಬೋಲ್ಶೆವಿಕ್ ಸರಕಾರ ಸಂತರ ಅಸ್ಥಿಪೆಟ್ಟಿಗೆಗಳನ್ನು ಜನರೆದುರು ತೆರೆಯಿಸಿತು. ರಷ್ಯನ್ನರು ಬಹುವಾಗಿ ಆರಾಧಿಸುವ ರಾದೊನೆಜ್‌ನ ಸಂತ ಸೆರ್ಗಿಯ ಪೆಟ್ಟಿಗೆಯನ್ನು 1919ರ ಏಪ್ರಿಲಿನಲ್ಲಿ ತೆರೆದು ಚಲನಚಿತ್ರವನ್ನೂ ತೆಗೆದರು. ಆ ಚಿತ್ರವನ್ನು ಬೇಗನೆ ಮಾಸ್ಕೋದಲ್ಲೆಲ್ಲ ತೋರಿಸಬೇಕೆಂದು ಲೆನಿನ್ನರೇ ಸೂಚಿಸಿದ್ದರು. ಐದೇ ವರ್ಷಗಳ ಬಳಿಕ ಅದೇ ಸರಕಾರ ಕೊಳೆಯದ ದೇಹವೊಂದನ್ನು ತಾನೇ ನಿರ್ಮಿಸಿ, ಅದರ ಮುಂದೆ ಜನರನ್ನು ಮೌನವಾಗಿ ಸಾಲಾಗಿ ನಡೆಯಿಸಿತು. ಅನ್ಯರ ನಂಬಿಕೆಯನ್ನು ಕಿತ್ತವರು ಬರಿದಾದ ಜಾಗವನ್ನು ಬರಿದಾಗಿಯೇ ಬಿಡಲಾರದೆ ಹೋದರು.

ಇನ್ನು ಆ ದೇಹದ ವಸ್ತುಸ್ಥಿತಿ. ಮೆದುಳನ್ನು ಬೇರ್ಪಡಿಸಿ ಅಧ್ಯಯನಕ್ಕೆ ಕೊಟ್ಟರು. ಅದಕ್ಕಾಗಿಯೇ ಮಾಸ್ಕೋದಲ್ಲಿ ಮೆದುಳಿನ ಸಂಶೋಧನಾಲಯ ಬೆಳೆಯಿತು. ಒಳಾಂಗಗಳನ್ನು ತೆಗೆದಿದ್ದಾರೆ. ಫಾರ್ಮಾಲಿನ್, ಗ್ಲಿಸರಿನ್, ಪೊಟ್ಯಾಸಿಯಂ ಅಸಿಟೇಟ್ ಮೊದಲಾದ ದ್ರವ್ಯಗಳು ದೇಹದ ತೇವವನ್ನು ಹಿಡಿದಿಟ್ಟಿವೆ. ಸುತ್ತಲಿನ ಉಷ್ಣತೆಯನ್ನು ಸುಮಾರು 16 ಡಿಗ್ರಿಯಲ್ಲಿ ಕಾಯಬೇಕು. ಮುಖವನ್ನೂ ಕೈಗಳನ್ನೂ ಆಗಾಗ ಪರೀಕ್ಷಿಸಬೇಕು. ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಉಡುಪು ಕಳಚಿ ದೇಹವನ್ನು ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿಡುವ ಕ್ರಮ ಬೆಳೆದುಬಂದಿತು. ಇದಕ್ಕೆಂದೇ ಒಂದು ಪ್ರಯೋಗಾಲಯ, ತಲೆಮಾರಿನಿಂದ ತಲೆಮಾರಿಗೆ ಬಂದ ತಜ್ಞರು. 2016ರಲ್ಲಿ ಸರಕಾರ ಈ ಕಾರ್ಯಕ್ಕೆ 1 ಕೋಟಿ 30 ಲಕ್ಷ ರೂಬಲ್ ಗೊತ್ತುಮಾಡಿದ್ದು ಸುದ್ದಿಯಾಗಿತ್ತು. ದೊಡ್ಡ ರಾಷ್ಟ್ರಕ್ಕೆ ಇದೊಂದು ಭಾರವಲ್ಲ. ಹಣದ ಲೆಕ್ಕದಿಂದ ಈ ಪ್ರಶ್ನೆಯನ್ನು ತೀರ್ಮಾನಿಸಲೂ ಬಾರದು. ಆ ವಿಜ್ಞಾನಿಗಳ ನೈಪುಣ್ಯ ಅಸಾಧಾರಣವಾದುದೇ ಸರಿ. ಆದರೆ ಇವೆಲ್ಲವನ್ನೂ ಓದಿದಾಗ ಮನೆಮಂದಿಯ ಮನಸ್ಸಿಗೆ ಅನ್ನಿಸುವುದು ಇಷ್ಟೇ: ಒಬ್ಬ ತಾಯಿಯ ಮಗನಿಗೆ ನೂರು ವರ್ಷ ವಿಶ್ರಾಂತಿಯಿಲ್ಲ.

ಯುದ್ಧಕಾಲದಲ್ಲಿಯೂ ಅವರಿಗೆ ವಿಶ್ರಾಂತಿ ದೊರೆಯಲಿಲ್ಲ. 1941ರಲ್ಲಿ ಜರ್ಮನ್ ಸೈನ್ಯ ನುಗ್ಗಿ ಬಂದಾಗ, ಜುಲೈ ತಿಂಗಳಿನಲ್ಲಿ ದೇಹವನ್ನು ರಹಸ್ಯವಾಗಿ ರೈಲಿನಲ್ಲಿ ಸೈಬೀರಿಯದ ತ್ಯುಮೆನ್ ಪಟ್ಟಣಕ್ಕೆ ಸಾಗಿಸಿ ಅಲ್ಲಿನ ಶಾಲಾ ಕಟ್ಟಡವೊಂದರಲ್ಲಿ ಇರಿಸಿದರು. ಅದೇ ವರ್ಷದ ನವೆಂಬರ್ 7ರಂದು ಸ್ಟಾಲಿನ್ನರು ಸಮಾಧಿಮಂದಿರದ ಮೇಲೆ ನಿಂತು, ಯುದ್ಧರಂಗಕ್ಕೆ ಹೊರಟ ಸೈನಿಕರಿಗೆ ಲೆನಿನ್ನರ ಧ್ವಜದ ಆಶೀರ್ವಾದ ಕೋರಿದರು. ಅವರ ಕಾಲ ಕೆಳಗಿನ ಮಂದಿರ ಆಗ ಬರಿದಾಗಿತ್ತು. ಸೈನಿಕರು ಹೋರಾಡಿದರು, ಗೆದ್ದರು. ಸ್ಫೂರ್ತಿಗೆ ದೇಹದ ಸಾನ್ನಿಧ್ಯ ಅಗತ್ಯವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

1953ರಲ್ಲಿ ಸ್ಟಾಲಿನ್ನರು ತೀರಿಕೊಂಡಾಗ ಅವರನ್ನೂ ಅದೇ ಮಂದಿರದಲ್ಲಿ ಪಕ್ಕಕ್ಕೆ ಮಲಗಿಸಿದರು. ಎಂಟು ವರ್ಷಗಳಲ್ಲಿ ಕಾಲ ತಿರುಗಿತು. 1961ರ ಪಕ್ಷದ ಮಹಾಧಿವೇಶನದಲ್ಲಿ, ಸ್ಟಾಲಿನ್ನರ ಕಾಲದಲ್ಲಿ ಬಂದೀಖಾನೆ ಕಂಡಿದ್ದ ದೋರಾ ಲಜುರ್ಕಿನಾ ಎಂಬ ವೃದ್ಧೆ ಎದ್ದು ನಿಂತು, ತಾನು ಮನಸ್ಸಿನಲ್ಲಿ ಲೆನಿನ್ನರನ್ನು ಕೇಳಿದೆನೆಂದೂ, ಇಂಥವರ ಪಕ್ಕ ಮಲಗಿರುವುದು ತನಗೆ ಹಿತವಲ್ಲವೆಂದು ಅವರು ಹೇಳಿದರೆಂದೂ ನುಡಿದರು. ಅಕ್ಟೋಬರ್ 31ರ ರಾತ್ರಿ ಸ್ಟಾಲಿನ್ನರ ದೇಹವನ್ನು ಹೊರತೆಗೆದು ಕ್ರೆಮ್ಲಿನ್ ಗೋಡೆಯ ಬಳಿ ಹೂಳಿದರು. ಆ ವೃದ್ಧೆಯ ನೋವು ನಿಜವಾದುದು. ಆದರೂ ಗಮನಿಸಬೇಕಾದ ಸಂಗತಿಯೊಂದಿದೆ. ಮೂವತ್ತೇಳು ವರ್ಷಗಳಿಂದ ಮಲಗಿದ್ದ ವ್ಯಕ್ತಿಯ ಬಾಯಿಂದ ಆಗಲೂ ಯಾರೋ ಮಾತಾಡಿಸುತ್ತಿದ್ದರು.

ಈಗ ಪೂರ್ವಪಕ್ಷವನ್ನು ಕೇಳೋಣ. ಹೂಳಬಾರದೆನ್ನುವವರ ಮಾತುಗಳು ಹಗುರವಾದವಲ್ಲ.

ಮೊದಲನೆಯ ವಾದ ಇದು. ಲಕ್ಷಾಂತರ ಜನ ತಮ್ಮ ಇಡೀ ಜೀವನವನ್ನು ಆ ಹೆಸರಿನೊಡನೆ ಬೆಸೆದುಕೊಂಡಿದ್ದರು. ದೇಹವನ್ನು ಹೊರತೆಗೆದರೆ, ನೀವು ಸುಳ್ಳು ಮೌಲ್ಯಗಳನ್ನು ನಂಬಿ ಬದುಕಿದಿರಿ, ನಿಮ್ಮ ಬಾಳು ವ್ಯರ್ಥವಾಯಿತು ಎಂದು ಆ ಮುದುಕರಿಗೆ ಹೇಳಿದಂತಾಗುತ್ತದೆ. 2001ರಲ್ಲಿ ಅಧ್ಯಕ್ಷ ಪುಟಿನ್ನರು ಮುಂದಿಟ್ಟದ್ದು ಹೆಚ್ಚುಕಡಮೆ ಇದೇ ವಾದವನ್ನು. ಇದರಲ್ಲಿ ಕರುಣೆಯಿದೆ, ವೃದ್ಧರ ಮನಸ್ಸನ್ನು ನೋಯಿಸಬಾರದೆಂಬುದು ಯಾವ ನಾಡಿಗೂ ಭೂಷಣ. ಆದರೆ ಮಣ್ಣು ಕೊಡುವುದು ಶಿಕ್ಷೆಯೆಂಬ ಭಾವನೆ ಇಲ್ಲಿ ಅಡಗಿದೆ. ಸತ್ತವರನ್ನು ಭೂಮಿಗೆ ಒಪ್ಪಿಸುವ ಮನೆಗಳಲ್ಲಿ ಹುಟ್ಟಿ ಬೆಳೆದ ನಮಗೆ ಆ ಭಾವನೆ ಅರ್ಥವಾಗುವುದಿಲ್ಲ. ಮಣ್ಣು ಕೊಡುವುದು ನಾವು ಮಾಡಬಲ್ಲ ಕೊನೆಯ ಗೌರವ. ಕೈತುಂಬ ಮಣ್ಣು ಹಿಡಿದವನ ಕಣ್ಣಲ್ಲಿ ನೀರಿರುತ್ತದೆಯೇ ವಿನಾ ತಿರಸ್ಕಾರ ಇರುವುದಿಲ್ಲ.

ಎರಡನೆಯ ವಾದ: ದೇಹ ಇರುವುದು ನೆಲದ ಮಟ್ಟಕ್ಕಿಂತ ಕೆಳಗಿನ ಕೋಣೆಯಲ್ಲಿ, ಆದುದರಿಂದ ಅವರನ್ನು ಈಗಾಗಲೇ ಹೂಳಿದಂತೆಯೇ ಆಯಿತು. ಲೆನಿನ್ನರ ತಮ್ಮನ ಮಗಳು, 2011ರಲ್ಲಿ ತೀರಿಕೊಂಡ ಓಲ್ಗಾ ಉಲ್ಯಾನೊವಾ ಅವರೂ ಈ ಪಕ್ಷವನ್ನು ಹಿಡಿದು ಸ್ಥಳಾಂತರವನ್ನು ಕೊನೆಯವರೆಗೂ ವಿರೋಧಿಸಿದರು. ರಕ್ತಸಂಬಂಧಿಯ ಮಾತೆಂದು ಇದನ್ನು ಗೌರವದಿಂದ ಕೇಳಬೇಕು. ಆದರೆ ಅಳತೆಗೋಲು ಹಿಡಿದು ಆಳವನ್ನು ಎಣಿಸಿದ ಮಾತ್ರಕ್ಕೆ ಅದು ಸಮಾಧಿಯಾಗುವುದೇ? ಮುಖ ಕಾಣದಂತೆ ಮರೆಯಾಗುವುದು, ಮತ್ತೆ ಯಾರೂ ಮುಟ್ಟದಿರುವುದು, ದೇಹ ತನ್ನ ಮೂಲವನ್ನು ಸೇರುವುದು, ಈ ಮೂರೂ ಸೇರಿದರೆ ಸಮಾಧಿ. ಇಲ್ಲಿ ಮೂರರಲ್ಲಿ ಒಂದೂ ಇಲ್ಲ.

ಮೂರನೆಯ ವಾದ: ಅದು ಚರಿತ್ರೆಯ ಸ್ಮಾರಕ. ಶ್ಚೂಸೆವ್ ಅವರು ಕೆಂಪು ಗ್ರಾನೈಟ್ ಮತ್ತು ಕರಿಯ ಶಿಲೆಗಳಿಂದ 1930ರಲ್ಲಿ ಪೂರ್ಣಗೊಳಿಸಿದ ಕಟ್ಟಡ ವಾಸ್ತುಶಿಲ್ಪದಲ್ಲಿ ಮೇಲಾದದ್ದು. ಕೆಂಪು ಚೌಕವೂ ಕ್ರೆಮ್ಲಿನ್ನೂ 1990ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಇದಕ್ಕೆ ಉತ್ತರ ಸುಲಭ. ಕಟ್ಟಡ ಉಳಿಯಲಿ, ಕಟ್ಟಡವನ್ನು ಒಡೆಯಬೇಕೆಂದು ಯಾರು ಹೇಳಿದರು? ಕಲ್ಲಿಗೆ ಚರಿತ್ರೆಯನ್ನು ಹೊರುವ ಬಲವಿದೆ. ಮನುಷ್ಯನ ದೇಹವನ್ನು ಆ ಕೂಲಿಗೆ ಹಚ್ಚಬೇಕಾಗಿಲ್ಲ.

ಹೂಳಬೇಕೆನ್ನುವವರ ಪಕ್ಷದಲ್ಲಿಯೂ ದೋಷವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ವೋಲ್ಕೊವೊ ಸ್ಮಶಾನದಲ್ಲಿ ತಾಯಿಯ ಪಕ್ಕದಲ್ಲಿ ತನ್ನನ್ನು ಮಣ್ಣು ಮಾಡಬೇಕೆಂದು ಲೆನಿನ್ನರು ಉಯಿಲು ಬರೆದಿದ್ದರು ಎಂಬ ಮಾತು 1989ರಿಂದ ಹರಡಿತು. ಕೇಳಿದವರ ಹೃದಯ ಕರಗುವಂತಹ ಮಾತು. ಆದರೆ ಅಂತಹ ಯಾವ ಬರಹವೂ ದೊರೆತಿಲ್ಲ. ಉಯಿಲಿನ ಕಥೆ ನಿಜವಲ್ಲವೆಂದು ಓಲ್ಗಾ ಉಲ್ಯಾನೊವಾ ಖಂಡಿಸಿದ್ದರು. ಸತ್ಕಾರ್ಯಕ್ಕಾಗಿ ಹೇಳಿದರೂ ಸುಳ್ಳು ಸುಳ್ಳೇ. ಸತ್ತವರ ಬಾಯಲ್ಲಿ ಮಾತು ತುರುಕುವ ಹಳೆಯ ರೋಗ ಈ ಪಕ್ಷದವರಿಗೂ ಅಂಟಿತು. ಇನ್ನು ಕೆಲವರು ಹೂಳಬೇಕೆನ್ನುವುದು ಪ್ರೀತಿಯಿಂದಲ್ಲ. ಅಂತರ್ಯುದ್ಧದ ರಕ್ತಪಾತ, ರಹಸ್ಯ ಪೊಲೀಸರ ದಬ್ಬಾಳಿಕೆ, ಚರ್ಚುಗಳ ಮೇಲಿನ ಪ್ರಹಾರ ಇವಕ್ಕೆಲ್ಲ ಸೇಡು ತೀರಿಸಿಕೊಳ್ಳುವ ಹುಮ್ಮಸ್ಸು ಅವರದು. ಆ ನೋವುಗಳು ನಿಜ, ಲೆನಿನ್ನರ ಹೊಣೆಯೂ ಅದರಲ್ಲಿದೆ. ಆದರೆ ಹೆಣದ ಮೇಲೆ ಸೇಡು ತೀರಿಸಿಕೊಂಡವರನ್ನು ಯಾವ ಧರ್ಮವೂ ಮೆಚ್ಚುವುದಿಲ್ಲ.

ತಾಯಿಯ ವಿಷಯದಲ್ಲಿ ಕಟ್ಟುಕಥೆ ಬೇಕಾಗಿಯೇ ಇರಲಿಲ್ಲ, ನಿಜಸಂಗತಿಯೇ ಸಾಕಿತ್ತು. ಲೆನಿನ್ನರ ಹಿರಿಯ ಅಣ್ಣ ಅಲೆಕ್ಸಾಂದರನನ್ನು ಝಾರ್ ದೊರೆಯ ವಿರುದ್ಧ ಸಂಚು ಹೂಡಿದ ಅಪರಾಧಕ್ಕಾಗಿ 1887ರಲ್ಲಿ ಶ್ಲಿಸೆಲ್‌ಬುರ್ಗ್ ಕೋಟೆಯಲ್ಲಿ ಗಲ್ಲಿಗೇರಿಸಿದರು. ಆ ಮಗನ ದೇಹ ತಾಯಿ ಮಾರಿಯಾ ಅವರ ಮನೆಗೆ ಬರಲಿಲ್ಲ. 1916ರಲ್ಲಿ ಆಕೆ ತೀರಿಕೊಂಡಾಗ ಲೆನಿನ್ನರು ದೇಶಭ್ರಷ್ಟರಾಗಿ ಸ್ವಿಟ್ಜರ್‌ಲೆಂಡಿನಲ್ಲಿದ್ದರು, ಅಂತ್ಯಕ್ರಿಯೆಗೆ ಬರಲಾಗಲಿಲ್ಲ. 1917ರ ಏಪ್ರಿಲಿನಲ್ಲಿ ಸ್ವದೇಶಕ್ಕೆ ಮರಳಿದ ಮರುದಿನವೇ, ಕ್ರಾಂತಿಯ ಗದ್ದಲದ ನಡುವೆ, ವೋಲ್ಕೊವೊ ಸ್ಮಶಾನಕ್ಕೆ ಹೋಗಿ ತಾಯಿಯ ಗೋರಿಯ ಮುಂದೆ ನಿಂತರು. ಉಯಿಲು ಇರಲಿ, ಇಲ್ಲದಿರಲಿ, ಸಮಾಧಿಯೆಂದರೆ ಏನೆಂದು ಅವರಿಗೆ ಗೊತ್ತಿತ್ತು ಎಂಬುದಕ್ಕೆ ಇಷ್ಟು ಸಾಕು.

ಬೇರೆ ದೇಶಗಳ ಅನುಭವವೂ ಪಾಠ ಹೇಳುತ್ತದೆ. ಮಾಸ್ಕೋದ ವಿದ್ಯೆಯನ್ನು ಅನುಸರಿಸಿ ಬಲ್ಗೇರಿಯ 1949ರಲ್ಲಿ ದಿಮಿತ್ರೋವರ ದೇಹವನ್ನೂ, ಚೆಕೊಸ್ಲೊವಾಕಿಯ 1953ರಲ್ಲಿ ಗೊತ್‌ವಾಲ್ಡರ ದೇಹವನ್ನೂ ಉಳಿಸಿಕೊಂಡವು. ಗೊತ್‌ವಾಲ್ಡರ ದೇಹವನ್ನು 1962ರಲ್ಲಿ ದಹಿಸಿದರು, ದಿಮಿತ್ರೋವರದನ್ನು 1990ರಲ್ಲಿ. ಅಂಗೋಲದ ನೆತೊ ಅವರನ್ನು 1992ರಲ್ಲಿ ಮಣ್ಣು ಮಾಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ವಿಯೆಟ್ನಾಮಿನ ಹೋ ಚಿ ಮಿನ್ ಅವರು ತಮ್ಮ ದೇಹವನ್ನು ದಹಿಸಿ, ಬೂದಿಯನ್ನು ನಾಡಿನ ಉತ್ತರ, ಮಧ್ಯ, ದಕ್ಷಿಣಗಳಿಗೆ ಹಂಚಬೇಕೆಂದು ಬರೆದಿಟ್ಟಿದ್ದರು. 1969ರಲ್ಲಿ ಅವರು ತೀರಿಕೊಂಡಾಗ ಆ ಭಾಗವನ್ನು ಪ್ರಕಟಿಸದೆ ದೇಹವನ್ನು ಉಳಿಸಿಕೊಂಡರು. ಆ ಮಾತು ಜನರಿಗೆ ತಿಳಿದದ್ದು 1989ರಲ್ಲಿ. ಚೀನದ ಮಾವೋ ಅವರು 1956ರಲ್ಲಿಯೇ ದಹನಕ್ಕೆ ಒಪ್ಪಿ ಸಹಿ ಮಾಡಿದ್ದರು. 1976ರಲ್ಲಿ ತೀರಿಕೊಂಡ ಅವರನ್ನೂ ಗಾಜಿನ ಪೆಟ್ಟಿಗೆಯಲ್ಲಿಯೇ ಮಲಗಿಸಿದರು. ಜೀವಮಾನವಿಡೀ ಎಲ್ಲರಿಂದಲೂ ತಮ್ಮ ಮಾತನ್ನು ನಡೆಯಿಸಿಕೊಂಡ ಈ ನಾಯಕರು ಸತ್ತ ಮರುಕ್ಷಣವೇ ತಮ್ಮ ದೇಹದ ಮಟ್ಟಿಗೆ ಒಬ್ಬ ಬಡರೈತನಿಗಿರುವಷ್ಟು ಅಧಿಕಾರವನ್ನೂ ಕಳೆದುಕೊಂಡರು.

ಹಾಗಾದರೆ ನಿರ್ಣಯವೇನು? ಲೆನಿನ್ನರು ಮಹಾತ್ಮರೋ ಕ್ರೂರರೋ ಎಂಬ ಚರ್ಚೆ ಮುಗಿಯಲಿ, ಅನಂತರ ದೇಹದ ವಿಷಯ ನೋಡೋಣ ಎಂದರೆ ಅದು ಎಂದಿಗೂ ಮುಗಿಯದು. ಮಣ್ಣಿನ ಋಣಕ್ಕೆ ಯೋಗ್ಯತೆಯ ಪರೀಕ್ಷೆಯಿಲ್ಲ. ಪುಣ್ಯವಂತನಿಗೂ ಪಾಪಿಗೂ ಭೂಮಿ ಒಂದೇ ಅಳತೆಯ ಜಾಗ ಕೊಡುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಮೊದಲಿನದೇ: ಏನಾದರೂ ಹೇಳಿ ಹೋಗಿದ್ದಾರೆಯೇ? ತಮ್ಮ ದೇಹದ ಬಗ್ಗೆ ಅವರು ಬರೆದಿಟ್ಟ ಮಾತು ದೊರೆತಿಲ್ಲ. ಆಗ ಪತ್ನಿಯ ಮುಖ ನೋಡಬೇಕು. ಕ್ರುಪ್‌ಸ್ಕಾಯಾ ಅವರ ಪತ್ರದಲ್ಲಿ ದೇಹವನ್ನು ಹೂಳಿರಿ ಎಂಬ ಶಬ್ದಗಳಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಇಲ್ಲ. ಮಣ್ಣು ಮಾಡಿರಿ ಎಂದು ಬರೆದು ಕೇಳಬೇಕಾದೀತೆಂದು ಯಾವ ಹೆಂಡತಿ ತಾನೇ ಊಹಿಸಿಯಾಳು? ಶಬ್ದವನ್ನು ಬಿಟ್ಟು ಭಾವವನ್ನು ಹಿಡಿದರೆ ಆ ಪತ್ರಕ್ಕೆ ಎರಡನೆಯ ಅರ್ಥವಿಲ್ಲ. ಸ್ಮಾರಕವೇ ಬೇಡವೆಂದವರು ಗಂಡನ ದೇಹವೇ ಸ್ಮಾರಕವಾಗಲು ಒಪ್ಪಿಯಾರೇ? 1939ರಲ್ಲಿ ಆಕೆಯೂ ತೀರಿಕೊಂಡರು. ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯಲ್ಲಿ ಇರಿಸಿದರು. ಗಂಡನ ಗಾಜಿನ ಪೆಟ್ಟಿಗೆಗೂ ಹೆಂಡತಿಯ ಭಸ್ಮಕ್ಕೂ ನಡುವೆ ಇರುವುದು ಕೆಲವೇ ಹೆಜ್ಜೆಗಳ ಅಂತರ.

ಆದುದರಿಂದ ಹೂಳುವುದೇ ಸರಿ. ಗೋಡೆಯ ಬಳಿ ಪತ್ನಿಯ ಸಮೀಪದಲ್ಲೋ, ವೋಲ್ಕೊವೊದಲ್ಲಿ ತಾಯಿಯ ಪಕ್ಕದಲ್ಲೋ ಎಂಬುದನ್ನು ಆ ನಾಡಿನವರು ಕುಳಿತು ತೀರ್ಮಾನಿಸಲಿ. ಆದರೆ ಒಂದು ಎಚ್ಚರ ಬೇಕು. 1961ರಲ್ಲಿ ಸ್ಟಾಲಿನ್ನರನ್ನು ಸಾಗಿಸಿದಂತೆ ಕತ್ತಲಲ್ಲಿ ಕಳ್ಳರಂತೆ ಸಾಗಿಸುವುದು ಸಲ್ಲದು. ಗೆದ್ದೆವೆಂಬ ಜಯಘೋಷವೂ ಸಲ್ಲದು. ಹಗಲಿನಲ್ಲಿ, ತಲೆ ತಗ್ಗಿಸಿ, ಅವರನ್ನು ಪ್ರೀತಿಸುವ ವೃದ್ಧರನ್ನು ಮುಂದೆ ನಿಲ್ಲಿಸಿಕೊಂಡು ಮಾಡಬೇಕಾದ ಕಾರ್ಯವಿದು. ಯೆಲ್ತ್ಸಿನ್ನರು 1993ರಲ್ಲಿ ಮಂದಿರದ ಬಾಗಿಲಿನ ಗೌರವ ಕಾವಲನ್ನು ತೆಗೆಸಿ, 1997ರಲ್ಲಿ ಜನಮತಗಣನೆಯ ಮಾತೆತ್ತಿದರು; ಕಾರ್ಯ ಮುಂದುವರಿಯಲಿಲ್ಲ. ಅನಂತರದ ದಶಕಗಳಲ್ಲಿ ಮೇ 9ರ ವಿಜಯೋತ್ಸವದ ಪಥಸಂಚಲನದ ವೇಳೆ ಸಮಾಧಿಮಂದಿರವನ್ನು ಅಲಂಕಾರದ ಫಲಕಗಳಿಂದ ಮರೆಮಾಡುವ ಪದ್ಧತಿ ಬಂದಿತು. ಇಟ್ಟುಕೊಳ್ಳುವುದಕ್ಕೂ ಮನಸ್ಸಿಲ್ಲ, ಬೀಳ್ಕೊಡುವುದಕ್ಕೂ ಧೈರ್ಯವಿಲ್ಲ. ಮುಚ್ಚಿಡುವುದಾದರೆ ಹಲಗೆಯಿಂದೇಕೆ, ಮಣ್ಣಿನಿಂದಲೇ ಮುಚ್ಚಬಾರದೇ?

ಕಡೆಯದಾಗಿ ನಮ್ಮ ಮನೆಗಳ ಕಡೆಗೆ ಒಮ್ಮೆ ತಿರುಗಿ ನೋಡೋಣ. ತಂದೆಯ ಭಾವಚಿತ್ರಕ್ಕೆ ಕಟ್ಟು ಹಾಕಿಸಿ, ಹಾರ ತೊಡಿಸಿ, ದಿನವೂ ಕೈಮುಗಿಯುತ್ತೇವೆ. ತಂದೆ ಸಾಯುವ ಮುನ್ನ ಹೇಳಿದ ಮಾತನ್ನು, ತಮ್ಮನ ಪಾಲು ಕೊಟ್ಟುಬಿಡು, ತಂಗಿಯನ್ನು ಕರೆದು ಮಾತಾಡಿಸು ಎಂಬಂತಹ ಮಾತನ್ನು, ಪೆಟ್ಟಿಗೆಯ ತಳದಲ್ಲಿ ಇಟ್ಟಿರುತ್ತೇವೆ. ಚಿತ್ರ ಏನನ್ನೂ ಕೇಳುವುದಿಲ್ಲವೆಂಬುದು ನಮಗೂ ಗೊತ್ತು. ಮಾಸ್ಕೋದಲ್ಲಿ ಒಂದು ಸಾಮ್ರಾಜ್ಯ ಮಾಡಿದ ತಪ್ಪು, ಅಳತೆಯಲ್ಲಿ ಸಣ್ಣದಾಗಿ, ನಮ್ಮ ಪಡಸಾಲೆಯಲ್ಲಿಯೂ ನಡೆದಿರಬಹುದು. ಹಿರಿಯರ ಮಾತನ್ನು ಹೊರಗೆ ತೆಗೆದು ನಡೆಯಿಸೋಣ. ದೇಹವನ್ನು ಭೂಮಿತಾಯಿ ನೋಡಿಕೊಳ್ಳುತ್ತಾಳೆ.